ಗುರುತಿನ ಚೀಟಿ ಕೇಳಿದರೆ ತಪ್ಪೇನು?

ಪ್ರಶ್ನೆ: ನನ್ನ ಮಗ ಟೆಕ್ಸಾಸ್‌ನಲ್ಲಿದ್ದಾನೆ. ಅಲ್ಲಿನ ಪೌರತ್ವ ಸಿಕ್ಕಿ 2024ರ ನವೆಂಬರ್‌ನಲ್ಲಿ ಮೊದಲ ಸಲ ವೋಟು ಹಾಕಿದ. ಬೂತಿನಲ್ಲಿ ಫೋಟೊ ಇರುವ ಗುರುತಿನ ಚೀಟಿ ಕೇಳಿದರಂತೆ. ನಮ್ಮೂರಲ್ಲೂ ಕೇಳುತ್ತಾರೆ, ಯಾರೂ ಗಲಾಟೆ ಮಾಡುವುದಿಲ್ಲ. ಅಲ್ಲಿ ಮಾತ್ರ ಇದನ್ನು ಮತದಾನದ ಹಕ್ಕಿನ ಮೇಲಿನ ದಾಳಿ ಅನ್ನುತ್ತಾರೆ. ಅಮೆರಿಕದ ಸಂಪ್ರದಾಯವಾದಿಗಳು ಜನ ವೋಟು ಹಾಕುವುದನ್ನೇ ವಿರೋಧಿಸುತ್ತಾರಾ? ಯಾಕೆ?
— ನಿವೃತ್ತ ಮೇಷ್ಟ್ರು, ಹಾಸನ ಜಿಲ್ಲೆ

ಉತ್ತರ: ಮೇಷ್ಟ್ರೇ, ನೀವು ಸಾವಿರಾರು ಉತ್ತರಪತ್ರಿಕೆ ತಿದ್ದಿರುತ್ತೀರಿ. ಇನ್ನೆರಡು ತಿದ್ದಿಬಿಡಿ. ಪ್ರಶ್ನೆ ಇಷ್ಟೇ: ಸಂವಿಧಾನದ ಒಂದು ಕಲಮಿನ ಅರ್ಥ ಬರೆಯಿರಿ. ಒಬ್ಬರು ಹೀಗೆ ಬರೆದರು: ವಾರಂಟ್ ಇಲ್ಲದೆ ಯಾರೂ ಇನ್ನೊಬ್ಬರ ಮನೆಗೆ ನುಗ್ಗಿ ಸಾಮಾನು ಎತ್ತಿಕೊಂಡು ಹೋಗುವ ಹಾಗಿಲ್ಲ, ಏನು ಹುಡುಕುತ್ತಾರೆ ಅನ್ನುವುದೂ ವಾರಂಟಿನಲ್ಲೇ ಇರಬೇಕು. ಇನ್ನೊಬ್ಬರು ‘ಫ್ರೀಡಂ ಆಫ್ ಸ್ಪೀಚ್’ ಎಂದಷ್ಟೇ ಬರೆಯಲು ಹೋಗಿ, ಮೂರು ಪದಗಳಲ್ಲಿ ಮೂರರ ಕಾಗುಣಿತವನ್ನೂ ಕೆಡಿಸಿದರು.

ಮೊದಲನೆಯವರು ಫೇಲು, ಎರಡನೆಯವರು ಪಾಸು. ಮೊದಲನೆಯವರು ಕಪ್ಪು ಜನಾಂಗದವರು, ಎರಡನೆಯವರು ಬಿಳಿಯರು. ಇದು ಲೂಯಿಸಿಯಾನಾ ರಾಜ್ಯದಲ್ಲಿ ಮತದಾರರ ಪಟ್ಟಿಗೆ ಸೇರಲು ಕೊಡುತ್ತಿದ್ದ ಪರೀಕ್ಷೆ. ಕಟ್ಟುಕಥೆಯಲ್ಲ. ಅಮೆರಿಕದ ಸುಪ್ರೀಂ ಕೋರ್ಟ್ 1965ರ ಮಾರ್ಚ್ 8ರಂದು ಕೊಟ್ಟ ತೀರ್ಪಿನಲ್ಲಿ ಈ ಎರಡೂ ಉತ್ತರಗಳಿವೆ. ತೀರ್ಪು ಬರೆದ ಹ್ಯೂಗೊ ಬ್ಲ್ಯಾಕ್ ಅವರೂ ದಕ್ಷಿಣದವರೇ, ಅಲಬಾಮದವರು. 1920ರ ದಶಕದಲ್ಲಿ ಕು ಕ್ಲಕ್ಸ್ ಕ್ಲಾನ್ ಅನ್ನುವ, ಕಪ್ಪು ಜನರನ್ನು ಹೆದರಿಸಿ ಬಡಿಯುತ್ತಿದ್ದ ಬಿಳಿಯರ ಗುಪ್ತ ಸಂಘ ಸೇರಿದ್ದವರು ಬೇರೆ! ಮನುಷ್ಯ ಬದಲಾಗುತ್ತಾನೆ.

ಗಮನಿಸಬೇಕಾದದ್ದು ಇನ್ನೊಂದಿದೆ. ಆ ಕಾನೂನನ್ನು ತಿರುಗಿಸಿ ಮುರುಗಿಸಿ ಓದಿದರೂ ಚರ್ಮದ ಬಣ್ಣದ ಮಾತು ಸಿಗುವುದಿಲ್ಲ. ಎಲ್ಲರಿಗೂ ಒಂದೇ ಪರೀಕ್ಷೆ. ಓದು ಬರಹ ಬಲ್ಲವರು ವೋಟು ಹಾಕಲಿ ಅಂದರೆ ತಪ್ಪೇನು? ಆಗಲೂ ಇದೇ ಪ್ರಶ್ನೆ ಕೇಳುತ್ತಿದ್ದರು. ನಿಮ್ಮ ಪ್ರಶ್ನೆ ಓದಿದಾಗ ನನಗೆ ನೆನಪಾಗಿದ್ದು ಅದು. ಸಿಟ್ಟಾಗಬೇಡಿ, ನಿಮ್ಮ ಪ್ರಶ್ನೆ ಪ್ರಾಮಾಣಿಕವಾದದ್ದೇ. ಆದರೆ ಅಮೆರಿಕದಲ್ಲಿ ಆ ಪ್ರಶ್ನೆಗೆ ಒಂದು ಹಳೇ ಚರಿತ್ರೆ ಇದೆ. ಅದು ಗೊತ್ತಿಲ್ಲದಿದ್ದರೆ ಅಲ್ಲಿಯ ಗಲಾಟೆ ಸುಮ್ನೆ ರಂಪಾಟ ಅನ್ನಿಸುತ್ತದೆ.

ಶುರುವಿನಲ್ಲಿ ವಿರೋಧ ನೇರವಾಗಿಯೇ ಇತ್ತು. 1787ರಲ್ಲಿ ಬರೆದ ಸಂವಿಧಾನ ಯಾರಿಗೆ ವೋಟು ಅನ್ನುವುದನ್ನು ರಾಜ್ಯಗಳಿಗೆ ಬಿಟ್ಟಿತ್ತು. ಹೆಚ್ಚಿನ ಕಡೆ ಆಸ್ತಿ ಇದ್ದವರಿಗೆ ಅಥವಾ ತೆರಿಗೆ ಕಟ್ಟುವವರಿಗೆ ಮಾತ್ರ ಮತ. 1821ರಲ್ಲಿ ನ್ಯೂಯಾರ್ಕ್ ರಾಜ್ಯ ಆಸ್ತಿಯ ನಿಯಮ ತೆಗೆಯಲು ಹೊರಟಾಗ ದೊಡ್ಡ ನ್ಯಾಯಾಧೀಶ ಜೇಮ್ಸ್ ಕೆಂಟ್ ಎದ್ದು ನಿಂತು ವಿರೋಧಿಸಿದರು. ಏನೂ ಇಲ್ಲದವರ ಕೈಗೆ ಮತ ಕೊಟ್ಟರೆ ಇರುವವರ ಆಸ್ತಿಗೆ ಉಳಿಗಾಲವಿಲ್ಲ ಅನ್ನುವುದು ಅವರ ಭಯ. ಕೆಂಟ್ ಸೋತರು. ಬಿಳಿ ಗಂಡಸರಿಗೆ ಆಸ್ತಿಯ ಷರತ್ತು ಹೋಯಿತು. ಕಪ್ಪು ಗಂಡಸರಿಗೆ ಮಾತ್ರ 250 ಡಾಲರ್ ಆಸ್ತಿಯ ಷರತ್ತು ಹಾಕಿದರು.

ಕೆಂಟ್ ಹೇಳಿದ್ದನ್ನು ಒಪ್ಪದಿದ್ದರೂ ಅದರಲ್ಲಿ ಮುಚ್ಚುಮರೆ ಇರಲಿಲ್ಲ. ಮತ ಅನ್ನುವುದು ಹುಟ್ಟಿನಿಂದ ಬರುವ ಹಕ್ಕಲ್ಲ, ಯೋಗ್ಯತೆ ನೋಡಿ ಕೊಡುವ ಜವಾಬ್ದಾರಿ. ಬಹುಮತ ಅಂದರೆ ಅದೂ ಒಂದು ಗುಂಪೇ, ಅದಕ್ಕೆ ಮೂಗುದಾರ ಬೇಕು. ಬದಲಾವಣೆ ನಿಧಾನವಾಗಿ ಆಗಲಿ. ಸಂಪ್ರದಾಯವಾದದ ಈ ಎಳೆ ಇವತ್ತಿಗೂ ಇದೆ. ‘ನಮ್ಮದು ಗಣರಾಜ್ಯ, ಪ್ರಜಾಪ್ರಭುತ್ವ ಅಲ್ಲ’ ಅನ್ನುವ ಮಾತನ್ನು ನಿಮ್ಮ ಮಗ ಅಲ್ಲಿ ಕೇಳಿಯೇ ಇರುತ್ತಾನೆ.

ಮುಚ್ಚುಮರೆ ಶುರುವಾದದ್ದು ಅಂತರ್ಯುದ್ಧದ ಮೇಲೆ. 1870ರ 15ನೇ ತಿದ್ದುಪಡಿ ಜನಾಂಗದ ಹೆಸರಿನಲ್ಲಿ ಮತ ನಿರಾಕರಿಸಬಾರದು ಅಂದಿತು. ಇನ್ನು ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ. ಬೇರೆ ದಾರಿ ಹುಡುಕಬೇಕಾಯಿತು. ಹುಡುಕಾಟ ಜೋರಾಗಿದ್ದು ಯಾವಾಗ ಅನ್ನುವುದಕ್ಕೆ ನಾರ್ತ್ ಕೆರೊಲಿನಾ ರಾಜ್ಯದ ಕಥೆ ಹೇಳುತ್ತೇನೆ. ನನಗೆ ಇದು ಇಡೀ ವಿಷಯದ ಬೀಗದ ಕೈ.

1894ರಲ್ಲಿ ಅಲ್ಲಿ ಒಂದು ವಿಚಿತ್ರ ಕೂಟ ಗೆದ್ದಿತು. ಸಾಲದಲ್ಲಿ ಮುಳುಗಿದ್ದ ಬಿಳಿ ರೈತರ ಪಾಪ್ಯುಲಿಸ್ಟ್ ಪಕ್ಷ, ಕಪ್ಪು ಮತದಾರರೇ ಜಾಸ್ತಿ ಇದ್ದ ರಿಪಬ್ಲಿಕನ್ ಪಕ್ಷ, ಎರಡೂ ಕೈ ಜೋಡಿಸಿದ್ದವು. ಗೆದ್ದವರು ಶಾಲೆಗಳಿಗೆ ಹೆಚ್ಚು ಹಣ ಕೊಟ್ಟರು. ಸ್ಥಳೀಯ ಅಧಿಕಾರಿಗಳನ್ನು ಮೇಲಿನಿಂದ ನೇಮಿಸುವ ಬದಲು ಜನರೇ ಆರಿಸುವಂತೆ ಮಾಡಿದರು. ಪಟ್ಟಿಗೆ ಹೆಸರು ಸೇರಿಸುವುದನ್ನು ಸುಲಭ ಮಾಡಿದರು. ಬಡ ಬಿಳಿಯ, ಬಡ ಕರಿಯ ಒಂದೇ ಕಡೆ ವೋಟು ಹಾಕಿದರೆ ಏನಾಗುತ್ತದೆ ಅಂತ ದೊಡ್ಡ ಜಮೀನ್ದಾರರಿಗೂ ಗಿರಣಿ ಮಾಲೀಕರಿಗೂ ಗೊತ್ತಾಯಿತು. 1898ರಲ್ಲಿ ಬಹಿರಂಗವಾಗಿ ಬಿಳಿಯರ ಮೇಲುಗೈಯ ಹೆಸರಿನಲ್ಲೇ ಪ್ರಚಾರ ನಡೆಯಿತು. ಚುನಾವಣೆ ಮುಗಿದ ಎರಡು ದಿನಕ್ಕೆ, ನವೆಂಬರ್ 10ರಂದು, ವಿಲ್ಮಿಂಗ್ಟನ್ ನಗರದಲ್ಲಿ ಬಂದೂಕು ಹಿಡಿದ ಗುಂಪು ಕಪ್ಪು ಜನರ ಪತ್ರಿಕೆಯ ಕಚೇರಿ ಸುಟ್ಟು, ಜನರನ್ನು ಕೊಂದು, ಚುನಾಯಿತ ನಗರಸಭೆಯನ್ನು ಬಲವಂತವಾಗಿ ರಾಜೀನಾಮೆ ಕೊಡಿಸಿತು. 1900ರಲ್ಲಿ ಓದುಬರಹದ ಪರೀಕ್ಷೆ ಮತ್ತು ತಲೆಗಂದಾಯ, ಅಂದರೆ ಕಟ್ಟದಿದ್ದರೆ ಮತವಿಲ್ಲ ಅನ್ನುವ ತೆರಿಗೆ, ಬಂತು.

ಆ ರಾಜ್ಯದ ಕಪ್ಪು ಸಂಸದ ಜಾರ್ಜ್ ಹೆನ್ರಿ ವೈಟ್ 1901ರಲ್ಲಿ ಮನೆಗೆ ಹೋದರು. ನಾರ್ತ್ ಕೆರೊಲಿನಾದಿಂದ ಮತ್ತೊಬ್ಬ ಕಪ್ಪು ಪ್ರತಿನಿಧಿ ಸಂಸತ್ತಿಗೆ ಆರಿಸಿ ಬಂದದ್ದು 1992ರಲ್ಲಿ.

ಅಂದರೆ ವಿರೋಧ ಮತಪೆಟ್ಟಿಗೆಗಲ್ಲ. ಮತಪೆಟ್ಟಿಗೆಯಿಂದ ಮುಂದೆ ಏನು ಹೊರಬರುತ್ತದೆ ಅನ್ನುವುದಕ್ಕೆ: ಶಾಲೆ, ತೆರಿಗೆ, ಕೂಲಿ. ಸಾಮಾಜಿಕ ಬದಲಾವಣೆಯನ್ನು ಶಾಸನಸಭೆಯಲ್ಲಿ ತಡೆಯುವುದಕ್ಕಿಂತ ಪಟ್ಟಿಯಲ್ಲೇ ತಡೆಯುವುದು ಅಗ್ಗ.

ಉಳಿದ ರಾಜ್ಯಗಳೂ ಹಿಂದೆ ಬೀಳಲಿಲ್ಲ. ಮಿಸಿಸಿಪ್ಪಿ 1890ರಲ್ಲೇ ದಾರಿ ತೋರಿಸಿತ್ತು. ಎರಡು ಡಾಲರ್ ತಲೆಗಂದಾಯ, ಜೊತೆಗೆ ಸಂವಿಧಾನದ ಅರ್ಥ ಹೇಳುವ ಪರೀಕ್ಷೆ. ಲೂಯಿಸಿಯಾನಾ 1898ರಲ್ಲಿ ಇನ್ನೊಂದು ಜಾಣತನ ಮಾಡಿತು: 1867ರ ಜನವರಿ 1ರಂದು ನಿಮ್ಮ ಅಪ್ಪನಿಗೋ ಅಜ್ಜನಿಗೋ ಮತ ಇದ್ದಿದ್ದರೆ ನಿಮಗೆ ಪರೀಕ್ಷೆ ಮಾಫಿ. ಆ ತಾರೀಖಿನಲ್ಲಿ ಕಪ್ಪು ಜನರಿಗೆ ಮತವೇ ಇರಲಿಲ್ಲ! ಈ ‘ಅಜ್ಜನ ಕಲಮು’ 1915ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಬಿತ್ತು. ಅಷ್ಟರಲ್ಲಿ ಕೆಲಸ ಮುಗಿದಿತ್ತು. 1896ರಲ್ಲಿ ಲೂಯಿಸಿಯಾನಾದಲ್ಲಿ 1,30,334 ಕಪ್ಪು ಮತದಾರರಿದ್ದರು. 1904ರಲ್ಲಿ 1,342. ತಲೆಗಂದಾಯದಿಂದ ಬಡ ಬಿಳಿಯರೂ ಸಾಕಷ್ಟು ಜನ ಪಟ್ಟಿಯಿಂದ ಹೊರಬಿದ್ದರು. ಅದೂ ಕೆಲವರಿಗೆ ಬೇಕಾಗಿಯೇ ಇತ್ತು.

ಈ ಪರೀಕ್ಷೆ ಮನುಷ್ಯರ ಮೇಲೆ ಹೇಗೆ ಬೀಳುತ್ತಿತ್ತು? ಫ್ಯಾನಿ ಲೂ ಹೇಮರ್ ಅವರನ್ನು ನೋಡಿ. ಮಿಸಿಸಿಪ್ಪಿಯ ಹತ್ತಿ ತೋಟದ ಕೆಲಸದವರು. ಕಪ್ಪು ಜನ ವೋಟಿಗೆ ಹೆಸರು ಬರೆಸಬಹುದು ಅನ್ನುವುದೇ ಅವರಿಗೆ 44 ವರ್ಷವಾಗುವ ತನಕ ಗೊತ್ತಿರಲಿಲ್ಲ. 1962ರ ಆಗಸ್ಟ್ 31ರಂದು 18 ಜನ ಬಸ್ಸು ಮಾಡಿಕೊಂಡು ಇಂಡಿಯಾನೋಲಾ ಊರಿನ ಕಚೇರಿಗೆ ಹೋದರು. ಆ ರಾಜ್ಯದ ಸಂವಿಧಾನದಲ್ಲಿ 285 ಕಲಮುಗಳಿದ್ದವು. ಯಾವುದನ್ನು ಕೇಳಬೇಕು, ಉತ್ತರ ಸರಿಯೋ ತಪ್ಪೋ, ಎರಡೂ ಗುಮಾಸ್ತರ ಇಷ್ಟ. ಹೇಮರ್ ಅವರಿಗೆ ಬಂದದ್ದು ‘ಡಿ ಫ್ಯಾಕ್ಟೊ’ ಕಾನೂನಿನ ಕಲಮು. ಕುದುರೆಗೆ ಕ್ರಿಸ್‌ಮಸ್ ಬಗ್ಗೆ ಎಷ್ಟು ಗೊತ್ತೋ ನನಗೆ ಅದರ ಬಗ್ಗೆ ಅಷ್ಟೇ ಗೊತ್ತಿತ್ತು ಅಂತ ಆಮೇಲೆ ಅವರೇ ನಗುತ್ತಾ ಹೇಳಿದ್ದರು. ಫೇಲು. ವಾಪಸು ಬರುವಾಗ ಪೊಲೀಸರು ಬಸ್ಸು ನಿಲ್ಲಿಸಿ ಡ್ರೈವರಿಗೆ ದಂಡ ಹಾಕಿದರು. ತಪ್ಪೇನು? ಬಸ್ಸಿನ ಬಣ್ಣ ಸರಿಯಿಲ್ಲವಂತೆ. ಅವತ್ತೇ ತೋಟದ ಮಾಲೀಕ, ಹೆಸರು ವಾಪಸು ತಗೋ ಇಲ್ಲಾ ಜಾಗ ಖಾಲಿ ಮಾಡು ಅಂದ. 18 ವರ್ಷ ದುಡಿದ ಜಾಗ ಬಿಟ್ಟು ಅವರು ಹೊರಟರು. 1963ರ ಜನವರಿಯಲ್ಲಿ ಪರೀಕ್ಷೆ ಪಾಸು ಮಾಡಿದರು. ಆಮೇಲೆ ವೋಟು ಹಾಕಲು ಹೋದಾಗ ಕೇಳಿದ್ದು ಎರಡು ವರ್ಷದ ತಲೆಗಂದಾಯದ ರಸೀದಿ.

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ಇದನ್ನೆಲ್ಲ ಮಾಡಿದ ದಕ್ಷಿಣದ ನಾಯಕರು ಡೆಮಾಕ್ರಟಿಕ್ ಪಕ್ಷದವರು. ಇವತ್ತಿನ ಪಕ್ಷಗಳ ಚಿತ್ರ ತಲೆಯಲ್ಲಿಟ್ಟುಕೊಂಡರೆ ಲೆಕ್ಕ ತಪ್ಪುತ್ತದೆ. 1957ರಲ್ಲಿ ನಾಗರಿಕ ಹಕ್ಕುಗಳ ಮಸೂದೆಯ ವಿರುದ್ಧ ಸೆನೆಟ್‌ನಲ್ಲಿ 24 ಗಂಟೆ 18 ನಿಮಿಷ ಒಂದೇ ಸಮನೆ ಮಾತಾಡಿದ ಸ್ಟ್ರಾಮ್ ಥರ್ಮಂಡ್ ಡೆಮಾಕ್ರಟ್. 1964ರಲ್ಲಿ ಅವರು ರಿಪಬ್ಲಿಕನ್ ಆದರು. ಅದೇ ವರ್ಷದ ನಾಗರಿಕ ಹಕ್ಕುಗಳ ಕಾಯ್ದೆ ಗೆದ್ದದ್ದು ರಿಪಬ್ಲಿಕನ್ ನಾಯಕ ಎವರೆಟ್ ಡರ್ಕ್ಸನ್ ಕೈಜೋಡಿಸಿದ್ದರಿಂದ. ಅದನ್ನು ವಿರೋಧಿಸಿದ ಬ್ಯಾರಿ ಗೋಲ್ಡ್‌ವಾಟರ್ ರಿಪಬ್ಲಿಕನ್ ಅಧ್ಯಕ್ಷ ಅಭ್ಯರ್ಥಿಯಾದರು. ಅಲ್ಲಿಂದ ದಕ್ಷಿಣದ ಬಿಳಿಯರು ನಿಧಾನವಾಗಿ ಪಕ್ಷ ಬದಲಿಸಿದರು. ಬೋರ್ಡು ಬದಲಾಯಿತು, ಅಂಗಡಿಯಲ್ಲಿ ಹಳೇ ಸಾಮಾನು ಬಹಳಷ್ಟು ಉಳಿಯಿತು.

ಪ್ರಗತಿಪರರ ಕೈಯೂ ಪೂರ್ತಿ ಶುದ್ಧವಿಲ್ಲ. ಹೆಂಗಸರ ಮತದ ಹೋರಾಟಗಾರ್ತಿ ಎಲಿಜಬೆತ್ ಕೇಡಿ ಸ್ಟ್ಯಾಂಟನ್ 15ನೇ ತಿದ್ದುಪಡಿಯನ್ನು ವಿರೋಧಿಸಿದ್ದರು. ಉತ್ತರದ ನಗರಗಳಲ್ಲಿ ಭ್ರಷ್ಟಾಚಾರ ತೊಳೆಯುತ್ತೇವೆ ಅಂತ ಸುಧಾರಕರು ತಂದ ನೋಂದಣಿ ನಿಯಮಗಳು ಹೊಸದಾಗಿ ಬಂದ ವಲಸಿಗ ಕಾರ್ಮಿಕರನ್ನು ದೂರ ಇಟ್ಟವು. ಇನ್ನು ಹೆಂಗಸರಿಗೆ ಮತ ಬೇಡ ಅನ್ನುವ ರಾಷ್ಟ್ರೀಯ ಸಂಘ 1911ರಲ್ಲಿ ಹುಟ್ಟಿದಾಗ ಅದರ ಮುಂದಾಳು ಒಬ್ಬ ಹೆಂಗಸೇ, ಜೋಸೆಫೀನ್ ಡಾಡ್ಜ್. ರಾಜಕೀಯದ ಕೊಳಕು ಮನೆಯೊಳಗೆ ಬರುವುದು ಬೇಡ ಅನ್ನುವುದು ಅವರ ವಾದ. ಹೆಂಗಸರ ಮತದ ತಿದ್ದುಪಡಿ 1920ರಲ್ಲಿ ಟೆನೆಸ್ಸಿ ರಾಜ್ಯದ ಶಾಸನಸಭೆಗೆ ಬಂದಾಗ ಆ ಜಗಳ ಮುಗಿದದ್ದು ಹೇಗೆ ಗೊತ್ತಾ? ಹ್ಯಾರಿ ಬರ್ನ್ ಅನ್ನುವ 24 ವರ್ಷದ ಶಾಸಕ ವಿರೋಧಿಗಳ ಕೆಂಪು ಗುಲಾಬಿ ಕೋಟಿಗೆ ಸಿಕ್ಕಿಸಿಕೊಂಡೇ ಹೋಗಿ, ಜೇಬಿನಲ್ಲಿದ್ದ ತಾಯಿಯ ಪತ್ರಕ್ಕೆ ಮಣಿದು ಪರವಾಗಿ ಮತ ಹಾಕಿದ.

ಸಂಪ್ರದಾಯವಾದಿ ಚಿಂತಕರು ಏನು ಹೇಳುತ್ತಿದ್ದರು? 1957ರಲ್ಲಿ ವಿಲಿಯಂ ಬಕ್ಲಿ ಅವರ ‘ನ್ಯಾಷನಲ್ ರಿವ್ಯೂ’ ಪತ್ರಿಕೆಯ ಸಂಪಾದಕೀಯ ಒಂದು ಪ್ರಶ್ನೆ ಎತ್ತಿತು: ತಾವು ಅಲ್ಪಸಂಖ್ಯಾತರಾಗಿರುವ ಕಡೆಯಲ್ಲೂ ದಕ್ಷಿಣದ ಬಿಳಿಯರು ಮೇಲುಗೈ ಇಟ್ಟುಕೊಳ್ಳಬಹುದೇ? ಹೌದು ಅನ್ನುವುದೇ ಅದರ ಉತ್ತರ. ಬಿಳಿಯರು ಸದ್ಯಕ್ಕೆ ಮುಂದುವರಿದ ಜನಾಂಗ, ನಾಗರಿಕತೆ ಎಲ್ಲರ ಮತದ ಹಕ್ಕಿಗಿಂತ ದೊಡ್ಡದು ಅನ್ನುವ ತರ್ಕ. 2004ರಲ್ಲಿ ಬಕ್ಲಿ ತಾನು ತಪ್ಪಿದ್ದೆ, ಕೇಂದ್ರ ಸರ್ಕಾರದ ಮಧ್ಯಪ್ರವೇಶ ಬೇಕೇ ಇತ್ತು ಎಂದು ಒಪ್ಪಿಕೊಂಡರು. ಅಷ್ಟು ಪ್ರಾಮಾಣಿಕತೆ ಎಲ್ಲರಿಗೂ ಇರಲಿಲ್ಲ. 1980ರಲ್ಲಿ ಡಲ್ಲಾಸ್‌ನ ಸಭೆಯೊಂದರಲ್ಲಿ ಸಂಪ್ರದಾಯವಾದಿ ಸಂಘಟಕ ಪಾಲ್ ವೇರಿಚ್, ಎಲ್ಲರೂ ವೋಟು ಹಾಕುವುದು ನನಗೆ ಬೇಡ, ಹಾಕುವವರು ಕಮ್ಮಿಯಾದಷ್ಟೂ ನಮ್ಮ ಬಲ ಹೆಚ್ಚುತ್ತದೆ ಅಂತ ವೇದಿಕೆಯ ಮೇಲೇ ಹೇಳಿದರು.

ಈಗ 1965ಕ್ಕೆ ವಾಪಸು. ಆ ಉತ್ತರಪತ್ರಿಕೆಯ ತೀರ್ಪು ಬಂದ ಹಿಂದಿನ ದಿನ, ಮಾರ್ಚ್ 7ರಂದು, ಅಲಬಾಮದ ಸೆಲ್ಮಾ ಊರಿನ ಸೇತುವೆ ಮೇಲೆ ಮತದ ಹಕ್ಕಿಗಾಗಿ ಹೊರಟ ಸುಮಾರು 600 ಜನರನ್ನು ಪೊಲೀಸರು ಲಾಠಿಯಿಂದ ಬಡಿದಿದ್ದರು. ಮೆರವಣಿಗೆಯ ಮುಂದಿದ್ದ ಜಾನ್ ಲೂಯಿಸ್ ಅವರ ತಲೆಬುರುಡೆ ಒಡೆದಿತ್ತು. ಟಿವಿಯಲ್ಲಿ ದೇಶವೆಲ್ಲ ನೋಡಿತು. ಆಗಸ್ಟ್ 6ರಂದು ಮತದಾನ ಹಕ್ಕುಗಳ ಕಾಯ್ದೆಗೆ ಅಧ್ಯಕ್ಷ ಜಾನ್ಸನ್ ಸಹಿ ಬಿತ್ತು. ಅದರ ಜೀವಾಳ ಐದನೇ ಸೆಕ್ಷನ್. ಹಳೇ ಚಾಳಿಯ ರಾಜ್ಯಗಳು ಚುನಾವಣೆಯ ಯಾವ ನಿಯಮ ಬದಲಿಸಬೇಕಾದರೂ ಮೊದಲೇ ದೆಹಲಿಯ... ಕ್ಷಮಿಸಿ, ವಾಷಿಂಗ್ಟನ್ನಿನ ಒಪ್ಪಿಗೆ ಪಡೆಯಬೇಕು. ಇದರಿಂದ ಕಪ್ಪು ಜನರಿಗೆ ತೊಂದರೆ ಆಗದು ಅಂತ ರಾಜ್ಯವೇ ಸಾಬೀತು ಮಾಡಬೇಕು. ಮುಂಚೆ ಹೀಗಿರಲಿಲ್ಲ. ಒಂದು ನಿಯಮ ಕೋರ್ಟಿನಲ್ಲಿ ಬೀಳಲು ವರ್ಷಗಟ್ಟಲೆ ಬೇಕಿತ್ತು, ಬಿದ್ದ ಮಾರನೇ ದಿನ ಇನ್ನೊಂದು ಹುಟ್ಟುತ್ತಿತ್ತು. ಮಿಸಿಸಿಪ್ಪಿಯಲ್ಲಿ ಕಾಯ್ದೆಗೆ ಮುಂಚೆ ಶೇ 6.7ರಷ್ಟು ಕಪ್ಪು ಜನರ ಹೆಸರು ಪಟ್ಟಿಯಲ್ಲಿತ್ತು. 1967ರ ಹೊತ್ತಿಗೆ ಶೇ 59.8.

ಸಂಪ್ರದಾಯವಾದಿಗಳೂ ಇದನ್ನು ಒಪ್ಪಿಕೊಂಡ ಕಾಲ ಇತ್ತು. 1982ರಲ್ಲಿ ರೇಗನ್ ಸಹಿ ಹಾಕಿ ಮುಂದುವರಿಸಿದರು. 2006ರಲ್ಲಿ ಸೆನೆಟ್‌ನಲ್ಲಿ 98–0. ಒಂದೇ ಒಂದು ವಿರೋಧ ಇಲ್ಲ. ಬುಷ್ ಸಹಿ ಹಾಕಿದರು. 2013ರ ಜೂನ್ 25ರಂದು ಮಾತ್ರ ಸುಪ್ರೀಂ ಕೋರ್ಟ್ 5–4ರಲ್ಲಿ ಆ ಜೀವಾಳವನ್ನೇ ನಿಲ್ಲಿಸಿಬಿಟ್ಟಿತು. ಯಾವ ರಾಜ್ಯಗಳು ಒಪ್ಪಿಗೆ ಕೇಳಬೇಕು ಅನ್ನುವ ಸೂತ್ರ ಹಳತಾಯಿತು, ದೇಶ ಬದಲಾಗಿದೆ ಅಂತ ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ಬರೆದರು. ನೆನೆಯುತ್ತಿಲ್ಲ ಅಂತ ಮಳೆಯಲ್ಲಿ ಕೊಡೆ ಎಸೆದ ಹಾಗಾಯಿತು ಅಂತ ರೂತ್ ಗಿನ್ಸ್‌ಬರ್ಗ್ ಭಿನ್ನ ತೀರ್ಪು ಕೊಟ್ಟರು.

ಅದೇ ದಿನ, ಮಾರನೇ ದಿನವೂ ಅಲ್ಲ, ಟೆಕ್ಸಾಸ್ ಸರ್ಕಾರ, ಅಲ್ಲಿಯವರೆಗೆ ಒಪ್ಪಿಗೆ ಸಿಗದೆ ನಿಂತಿದ್ದ ತನ್ನ ಗುರುತಿನ ಚೀಟಿ ಕಾನೂನು ಜಾರಿ ಎಂದು ಘೋಷಿಸಿತು. ನಿಮ್ಮ ಪ್ರಶ್ನೆ ಈಗ ಬಂತು ನೋಡಿ.

ಚೀಟಿ ಕೇಳುವುದರಲ್ಲಿ ತಪ್ಪಿಲ್ಲ. ಯಾವ ಚೀಟಿ ಅನ್ನುವುದರಲ್ಲಿದೆ ಎಲ್ಲ. ಆ ಕಾನೂನಿನ ಪ್ರಕಾರ ಬಂದೂಕಿನ ಲೈಸೆನ್ಸ್ ನಡೆಯುತ್ತದೆ. ಸರ್ಕಾರಿ ವಿಶ್ವವಿದ್ಯಾಲಯದ ಫೋಟೊ ಇರುವ ಕಾರ್ಡು ನಡೆಯುವುದಿಲ್ಲ. ಬಂದೂಕು ಯಾರ ಹತ್ತಿರ ಜಾಸ್ತಿ, ಅವರ ವೋಟು ಯಾರಿಗೆ, ವಿದ್ಯಾರ್ಥಿಗಳ ವೋಟು ಯಾರಿಗೆ ಅಂತ ನಾನು ಬಿಡಿಸಿ ಹೇಳಬೇಕಿಲ್ಲ ಅಲ್ವಾ? ಪಟ್ಟಿಯಲ್ಲಿ ಆಗಲೇ ಹೆಸರಿದ್ದ ಸುಮಾರು 6 ಲಕ್ಷ ಜನರ ಹತ್ತಿರ ಆ ಕಾನೂನು ಕೇಳುವ ಯಾವ ಚೀಟಿಯೂ ಇಲ್ಲ ಅಂತ ಕೋರ್ಟಿನಲ್ಲಿ ರುಜುವಾತಾಯಿತು. ಆಮೇಲೆ ಕೋರ್ಟುಗಳ ಒತ್ತಡಕ್ಕೆ ನಿಯಮ ಸ್ವಲ್ಪ ಸಡಿಲವಾಯಿತು. ನಾರ್ತ್ ಕೆರೊಲಿನಾದವರು ಇನ್ನೂ ಮುಂದೆ ಹೋದರು. ಯಾವ ಜನಾಂಗದವರು ಯಾವ ರೀತಿ ವೋಟು ಹಾಕುತ್ತಾರೆ ಅನ್ನುವ ಅಂಕಿಅಂಶ ತರಿಸಿಕೊಂಡು, ಕಪ್ಪು ಜನ ಹೆಚ್ಚು ಬಳಸುವ ಸೌಲಭ್ಯಗಳನ್ನೇ ಕತ್ತರಿಸಿದರು. ಬಹುತೇಕ ಶಸ್ತ್ರಚಿಕಿತ್ಸೆಯ ನಿಖರತೆಯಿಂದ ಗುರಿಯಿಟ್ಟಿದ್ದಾರೆ ಅಂತ 2016ರಲ್ಲಿ ಮೇಲ್ಮನವಿ ಕೋರ್ಟು ಆ ಕಾನೂನನ್ನು ಹೊಡೆದು ಹಾಕಿತು.

ನಮ್ಮಲ್ಲಿ ಹೇಗೆ? ಚುನಾವಣಾ ಆಯೋಗದವರೇ ಬಾಗಿಲಿಗೆ ಬಂದು ಹೆಸರು ಬರೆದುಕೊಳ್ಳುತ್ತಾರೆ. ಬಹುಶಃ ನೀವೇ ಆ ಡ್ಯೂಟಿ ಮಾಡಿ ಮನೆಮನೆ ತಿರುಗಿರುತ್ತೀರಿ. ಚೀಟಿ ಅವರೇ ಕೊಡುತ್ತಾರೆ. ಅದು ಕಳೆದರೆ ಫೋಟೊ ಇರುವ ಬ್ಯಾಂಕ್ ಪಾಸ್‌ಬುಕ್, ಉದ್ಯೋಗ ಖಾತ್ರಿ ಕಾರ್ಡು ಏನಾದರೂ ನಡೆಯುತ್ತದೆ. ಮತದಾನಕ್ಕೆ ಸಂಬಳ ಸಹಿತ ರಜೆ. ಅಲ್ಲಿ ಹೆಸರು ಸೇರಿಸುವ ಭಾರ ಬಹಳ ಕಡೆ ನಾಗರಿಕನದೇ. ದೇಶಕ್ಕೆಲ್ಲ ಒಂದೇ ಗುರುತಿನ ಚೀಟಿ ಇಲ್ಲ, ಎಡದವರಿಗೂ ಬಲದವರಿಗೂ ಅದು ಬೇಡ. ಮತದಾನ ಮಂಗಳವಾರ, 1845ರ ಕಾನೂನಿನಂತೆ. ಹೀಗಾಗಿ ಒಂದೇ ಪ್ರಶ್ನೆ ಇಲ್ಲಿ ಹಗುರ, ಅಲ್ಲಿ ಭಾರ. ಹಾಗಂತ ನಾವು ಬೀಗುವುದೂ ಬೇಡ. 2025ರಲ್ಲಿ ಬಿಹಾರದ ಪಟ್ಟಿ ಪರಿಷ್ಕರಣೆಯಲ್ಲಿ 11 ದಾಖಲೆ ಕೇಳಿದಾಗ ಅದರಲ್ಲಿ ಆಧಾರ್ ಇರಲಿಲ್ಲ. ಸುಪ್ರೀಂ ಕೋರ್ಟ್ ಹೇಳಿದ ಮೇಲೆ 12ನೆಯದಾಗಿ ಸೇರಿತು. ಯಾವ ಕಾಗದ ನಡೆಯುತ್ತದೆ ಅನ್ನುವ ಪಟ್ಟಿಯೇ ಅರ್ಧ ಕಾನೂನು.

ಆ ಕಡೆಯ ಮಾತನ್ನೂ ಹೇಳದಿದ್ದರೆ ನನ್ನ ಉತ್ತರ ಅರ್ಧ. ಫೋಟೊ ಚೀಟಿ ಬೇಕು ಅನ್ನುವವರು ಸಮೀಕ್ಷೆಗಳಲ್ಲಿ ಹತ್ತರಲ್ಲಿ ಎಂಟು ಜನ. ಅವರೆಲ್ಲ ಕೆಟ್ಟವರಲ್ಲ. 2008ರಿಂದ 2018ರವರೆಗಿನ ಚುನಾವಣೆಗಳನ್ನು ಹೋಲಿಸಿದ ಅರ್ಥಶಾಸ್ತ್ರಜ್ಞರ ದೊಡ್ಡ ಅಧ್ಯಯನವೊಂದರಲ್ಲಿ ಬಿಗಿ ಚೀಟಿ ನಿಯಮದಿಂದ ಒಟ್ಟು ಮತದಾನ ಹೇಳಿಕೊಳ್ಳುವಷ್ಟು ಇಳಿದದ್ದು ಕಾಣಲಿಲ್ಲ. ಅದೇ ಅಧ್ಯಯನದಲ್ಲಿ ಆ ನಿಯಮದಿಂದ ವಂಚನೆ ಕಮ್ಮಿಯಾದದ್ದೂ ಕಾಣಲಿಲ್ಲ. ಉದಾರವಾದಿ ನ್ಯೂಯಾರ್ಕ್‌ನಲ್ಲಿ ಮುಂಚಿತವಾಗಿ ಮತ ಹಾಕುವ ಸೌಲಭ್ಯ ಬಂದದ್ದೇ 2019ರಲ್ಲಿ. ಟೆಕ್ಸಾಸ್‌ನಲ್ಲಿ ಅದು ದಶಕಗಳಿಂದ ಇದೆ. ವಂಚನೆ ನಡೆಯುವುದೇ ಇಲ್ಲ ಅನ್ನುವುದೂ ಸುಳ್ಳು. 2018ರಲ್ಲಿ ನಾರ್ತ್ ಕೆರೊಲಿನಾದ ಒಂದು ಸಂಸತ್ ಕ್ಷೇತ್ರದ ಫಲಿತಾಂಶವನ್ನೇ ರದ್ದು ಮಾಡಿ ಮರುಚುನಾವಣೆ ಮಾಡಬೇಕಾಯಿತು. ಅಂಚೆ ಮತಗಳಲ್ಲಿ ಕೈಯಾಡಿಸಿದ್ದು ರಿಪಬ್ಲಿಕನ್ ಅಭ್ಯರ್ಥಿಯ ಕಡೆಯವರು. ಅಂಥದ್ದನ್ನು ಬೂತಿನಲ್ಲಿ ತೋರಿಸುವ ಚೀಟಿ ತಡೆಯುವುದಿಲ್ಲ.

ಹಾಗಾಗಿ ‘ಸಂಪ್ರದಾಯವಾದಿಗಳು ಮತದ ಹಕ್ಕಿಗೆ ವಿರೋಧಿಗಳು’ ಅಂತ ಒಂದೇ ಏಟಿಗೆ ಹೇಳಿದರೆ 98–0 ಸುಳ್ಳಾಗುತ್ತದೆ. ವಿರೋಧವೇ ಇರಲಿಲ್ಲ ಅಂದರೆ ವಿಲ್ಮಿಂಗ್ಟನ್ ಸುಳ್ಳಾಗುತ್ತದೆ. ನಾನಂತೂ ಒಂದೊಂದು ಕಾನೂನನ್ನೂ ನೋಡುವಾಗ ಪೀಠಿಕೆ ಬಿಟ್ಟು, ಯಾರ ಹತ್ತಿರ ಯಾವ ಕಾಗದ ಇದೆ ಅಂತ ನೋಡುತ್ತೇನೆ.

ಕೊನೆಗೆ ನಿಮ್ಮ ಮಗನ ವಿಷಯ. 1923ರಲ್ಲಿ ಭಗತ್ ಸಿಂಗ್ ಥಿಂದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಭಾರತೀಯರು ಬಿಳಿಯರಲ್ಲ, ಪೌರತ್ವ ಕೊಡುವಂತಿಲ್ಲ ಅಂದಿತ್ತು. ಥಿಂದ್ ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೇನೆಯಲ್ಲಿದ್ದವರು! ಕಾನೂನು ಬದಲಾದದ್ದು 1946ರಲ್ಲಿ. ಹತ್ತೇ ವರ್ಷಕ್ಕೆ ದಲೀಪ್ ಸಿಂಗ್ ಸೌಂದ್ ಕ್ಯಾಲಿಫೋರ್ನಿಯಾದಿಂದ ಸಂಸತ್ತಿಗೆ ಗೆದ್ದರು. ನಮ್ಮವರು ಸಾವಿರಗಟ್ಟಲೆ ಹೋಗಲು ಬಾಗಿಲು ತೆರೆದ ವಲಸೆ ಕಾಯ್ದೆಯೂ 1965ರದೇ. ಮತದಾನ ಕಾಯ್ದೆಯ ಎರಡು ತಿಂಗಳ ನಂತರ, ಅದೇ ಸಂಸತ್ತು ಮಾಡಿದ್ದು.

ಈಗ ಕೆಲಸಕ್ಕೆ ಬರುವ ಮಾತು. 2019ರ ಜನವರಿಯಲ್ಲಿ ಟೆಕ್ಸಾಸ್ ಅಧಿಕಾರಿಗಳು ಪಟ್ಟಿಯಲ್ಲಿರುವ ಸುಮಾರು 95,000 ಜನ ಪೌರರಲ್ಲದಿರಬಹುದು ಅಂತ ಪ್ರಕಟಿಸಿದರು. ನೋಡಿದರೆ ಅದರಲ್ಲಿ ಸಾವಿರಾರು ಜನ ಕಾನೂನುಬದ್ಧವಾಗಿ ಪೌರತ್ವ ಪಡೆದವರೇ. ಗ್ರೀನ್ ಕಾರ್ಡ್ ಇದ್ದಾಗ ಡ್ರೈವಿಂಗ್ ಲೈಸೆನ್ಸ್ ಮಾಡಿಸಿದ್ದರು, ಆಮೇಲೆ ಪೌರರಾಗಿದ್ದರು, ಲೈಸೆನ್ಸ್ ಕಚೇರಿಯ ದಾಖಲೆ ಮಾತ್ರ ಹಳೆಯದೇ ಉಳಿದಿತ್ತು. ಪ್ರಕರಣ ಕೋರ್ಟಿಗೆ ಹೋಗಿ ಸರ್ಕಾರ ಪಟ್ಟಿ ಕೈಬಿಟ್ಟಿತು. ನಿಮ್ಮ ಮಗನ ಲೈಸೆನ್ಸ್ ಕೂಡ ಗ್ರೀನ್ ಕಾರ್ಡ್ ಕಾಲದ್ದೇ ಇರಬಹುದು. ಪೌರತ್ವದ ಪತ್ರ ಅಥವಾ ಪಾಸ್‌ಪೋರ್ಟ್ ತೋರಿಸಿ ಆ ದಾಖಲೆ ಸರಿ ಮಾಡಿಸಿಕೊಳ್ಳಲು ಹೇಳಿ. ಪ್ರತಿ ಚುನಾವಣೆಗೆ ಮುಂಚೆ ಪಟ್ಟಿಯಲ್ಲಿ ಹೆಸರಿದೆಯಾ ನೋಡಿಕೊಳ್ಳಲಿ. ಟೆಕ್ಸಾಸ್‌ನಲ್ಲಿ ಹೆಸರು ಸೇರಿಸಲು ಮತದಾನಕ್ಕೆ 30 ದಿನ ಮೊದಲೇ ಗಡುವು. ಮನೆ ಬದಲಿಸಿದರೆ ವಿಳಾಸ ಬದಲಿಸುವುದನ್ನೂ ಮರೆಯದಿರಲಿ.